ಸ್ಟುಡಿಯೊಗೆ ಹೋಗಿ ನಿದ್ದೆ ಮಾಡುವವರು

ಮನೆಯ ಹೊರಗೆ ಒಂದು ಕೋಣೆ ಹಿಡಿದು ಅಲ್ಲಿ ತಮ್ಮ ಕಲೆಯ ಕೆಲಸ ಮಾಡಬೇಕೆಂದು ಹೊರಟವರು ಈಚೆಗೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಹೆಚ್ಚಾಗಿ ಬರುತ್ತಿದ್ದಾರೆ. ಚಿತ್ರ ಬರೆಯುವವರು, ಮಣ್ಣಿನ ಕೆಲಸ ಮಾಡುವವರು, ವೀಣೆಯ ಸಾಧನೆಗೆ ಜಾಗ ಹುಡುಕಿಕೊಂಡವರು. ಬಹುಪಾಲು ಹೆಂಗಸರು. ಕೋಣೆ ಸಿಗಲಿಲ್ಲ ಎಂದು ದುಃಖಿಸುವವರು ಇವರಲ್ಲಿ ಕಡಿಮೆ. ಕೋಣೆ ಸಿಕ್ಕಿದೆ, ಬಾಡಿಗೆಯನ್ನೂ ಕಟ್ಟುತ್ತಿದ್ದೇನೆ, ಆದರೆ ಕೆಲಸ ಮಾತ್ರ ಆಗುತ್ತಿಲ್ಲ, ಕೊರತೆ ನನ್ನಲ್ಲೇ ಇರಬೇಕು ಎಂದುಕೊಂಡು ಬರುವವರೇ ಜಾಸ್ತಿ. ಇಷ್ಟು ವರ್ಷ ಜಾಗವಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಈಗ ಆ ಸಮಾಧಾನವೂ ಇಲ್ಲ. ಕೋಣೆ ಬಿಟ್ಟುಬಿಡಬೇಕು ಎಂದು ತೀರ್ಮಾನಿಸಿಕೊಂಡೇ ಬಂದು ನನ್ನ ಮುಂದೆ ಕೂರುತ್ತಾರೆ.

ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಮನೆಯವರ ಉದ್ಯೋಗ, ಗುರುತು ಸಿಗಬಹುದಾದ ಇನ್ನಿತರ ಸಂಗತಿಗಳನ್ನು ಬದಲಿಸಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಅವರ ಪತಿ ಪ್ರಶ್ನಿಸಿದರು. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಆಪ್ತಸಲಹೆಗಾರರೂ ಪ್ರಶ್ನಿಸಿದರು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಹಾಗಾಗಿ ಸಲಹೆ ಏನೆಂಬುದಕ್ಕಿಂತ ಅದನ್ನು ಏಕೆ ಕೊಟ್ಟೆ ಎಂಬುದನ್ನು ವಿವರವಾಗಿ ಹೇಳಬೇಕಾಗಿದೆ.

ವಸುಧಾ ಎಂದು ಕರೆಯೋಣ. ವಯಸ್ಸು 43. ಊರು ಮೈಸೂರು. ಮದುವೆಗೆ ಮೊದಲು ಚಿತ್ರಕಲೆಯಲ್ಲಿ ಪದವಿ ಮುಗಿಸಿದ್ದರು. ಪತಿ ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದವರು, ಒಂಬತ್ತನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ, ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ. ಊಟದ ಮೇಜಿನ ಮೇಲೆ ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರಗಳನ್ನು ಆರ್ಡರಿಗೆ ಮಾಡಿಕೊಡುತ್ತಿದ್ದರು. ಗಜಲಕ್ಷ್ಮಿ, ರಾಮ ಪಟ್ಟಾಭಿಷೇಕ, ಬಾಲಕೃಷ್ಣ. ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆ ಕೊಡುವವರು ಕೊಳ್ಳುತ್ತಾರೆ. 2005ರಲ್ಲಿ ಈ ಶೈಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, ಬೇಡಿಕೆಗೆ ಕೊರತೆಯಿಲ್ಲ.

ಆ ಕೆಲಸ ಊಟದ ಮೇಜಿನ ಮೇಲೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೇಳಿದೆ. ಚಿತ್ರದಲ್ಲಿ ಒಡವೆ, ಕಿರೀಟ, ಪ್ರಭಾವಳಿ ಬರುವ ಕಡೆ ಗೆಸ್ಸೊ ಎಂಬ ಅಂಟು ಬೆರೆಸಿದ ಲೇಪದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಉಬ್ಬಾಗಿ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು. ರೇಕು ಎಷ್ಟು ತೆಳುವೆಂದರೆ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಅದು ಕೂತಿರುವ ಕಾಗದದ ಸಮೇತ ಎತ್ತಬೇಕು. ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು. ಜೋರಾಗಿ ಉಸಿರು ಬಿಟ್ಟರೂ ರೇಕು ಮಡಚಿಕೊಳ್ಳುತ್ತದೆ. "ಏಪ್ರಿಲ್ ತಿಂಗಳಲ್ಲಿ ಹಾಲ್‌ನಲ್ಲಿ ಫ್ಯಾನ್ ಆರಿಸಿ ಕೂತ್ರೆ ಮನೆಯೋರಿಗೆಲ್ಲ ಕಷ್ಟ ಮೇಡಂ. ಅದಕ್ಕೆ ಎಲ್ರೂ ಮಲಗಿದ ಮೇಲೆ ಹಾಕ್ತಿದ್ದೆ. ಹನ್ನೊಂದು, ಹನ್ನೆರಡು. ನೀರು ಕುಡಿಯೋಕೆ ಅಂತ ಮಗ ಎದ್ದು ಬಾಗಿಲು ತೆಗೆದ್ರೆ ಮುಗೀತು." ಇದನ್ನು ಹೇಳುವಾಗ ಅವರಲ್ಲಿ ದೂರಿನ ದನಿ ಇರಲಿಲ್ಲ. ಮಗನ ಮೇಲೆ ಸಿಟ್ಟೂ ಇರಲಿಲ್ಲ. ಮಳೆ ಬಂತು ಎಂದು ಹೇಳುವ ಹಾಗೆ ಹೇಳಿದರು.

ಅವರಿಗೆ ಬೇಕಾಗಿದ್ದದ್ದು ಬೇರೆ. ಬಸ್ ನಿಲ್ದಾಣದ ನೆಲದ ಮೇಲೆ ಗಂಟುಮೂಟೆ ಇಟ್ಟುಕೊಂಡು ಕಾಯುವ ಹೆಂಗಸರನ್ನು ಕಾಲೇಜಿನ ದಿನಗಳಿಂದಲೂ ಸ್ಕೆಚ್ ಮಾಡುತ್ತಿದ್ದರು. ಅವನ್ನು ದೊಡ್ಡ ಕ್ಯಾನ್ವಾಸಿನಲ್ಲಿ, ಎಣ್ಣೆ ಬಣ್ಣದಲ್ಲಿ ಮಾಡಬೇಕು. ಆರು ಅಡಿಯ ಕ್ಯಾನ್ವಾಸನ್ನು ಆ ಮನೆಯಲ್ಲಿ ನಿಲ್ಲಿಸಲು ಗೋಡೆಯಿಲ್ಲ. ಬಣ್ಣ ತೆಳುಮಾಡಲು ಬಳಸುವ, ಬೇಗ ಹೊತ್ತಿಕೊಳ್ಳುವ ಟರ್ಪೆಂಟೈನ್ ವಾಸನೆಗೆ ಅತ್ತೆಗೆ ಕೆಮ್ಮು ಬರುತ್ತದೆ. ಹಾಲ್‌ನಿಂದ ಎರಡು ಹೆಜ್ಜೆಗೆ ಗ್ಯಾಸ್ ಒಲೆ. ಕಡೆಗೆ ಮನೆಯಿಂದ ಸ್ವಲ್ಪ ದೂರದಲ್ಲಿ, ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ ಸಿಕ್ಕಿತು. ಬಾಡಿಗೆ ತಿಂಗಳಿಗೆ 6,000, ಅಡ್ವಾನ್ಸ್ 50,000, ಹನ್ನೊಂದು ತಿಂಗಳ ಕರಾರು. ಬೆಂಗಳೂರಿನ ಚಿತ್ರಸಂತೆಯಲ್ಲಿ ಕೆಲವು ಚಿತ್ರಗಳನ್ನು ಮಾರಿದ ದುಡ್ಡು ಅವರ ಕೈಯಲ್ಲಿತ್ತು. ಉಳಿದದ್ದನ್ನು ಪತಿ ಹಾಕಿದರು. ಒತ್ತಾಯಕ್ಕಲ್ಲ, ಸಂತೋಷದಿಂದಲೇ ಹಾಕಿದರು. ಇಂಥ ಕಥೆಗಳಲ್ಲಿ ಗಂಡನನ್ನು ಖಳನನ್ನಾಗಿ ಮಾಡುವುದು ಸುಲಭ. ಇಲ್ಲಿ ಹಾಗಿರಲಿಲ್ಲ, ಮತ್ತು ಹಾಗಿಲ್ಲದ್ದರಿಂದಲೇ ಸಮಸ್ಯೆ ಯಾರಿಗೂ ಕಾಣದೆ ಉಳಿದಿತ್ತು.

ಕೋಣೆ ಹಿಡಿದು ನಾಲ್ಕನೇ ತಿಂಗಳು ನಡೆಯುತ್ತಿದ್ದಾಗ ಅವರು ನನ್ನ ಬಳಿ ಬಂದರು. ಮೊದಲೆರಡು ಭೇಟಿಗಳಲ್ಲಿ ವಿಶೇಷವೇನೂ ನಡೆಯಲಿಲ್ಲ. ನಡೆದದ್ದು ಮೂರನೆಯದರಲ್ಲಿ.

ಅಂದು ಅವರು ಒಂದು ನೋಟ್‌ಬುಕ್ ತಂದಿದ್ದರು. ಈಸೆಲ್, ಎಲ್‌ಇಡಿ ದೀಪ, ಗೋಡೆಗೆ ಶೆಲ್ಫ್, ಕಿಟಕಿಗೆ ಪರದೆ, ಬಣ್ಣ ಇಡುವ ಟ್ರಾಲಿ, ಎಲ್ಲದರ ಖರ್ಚನ್ನೂ ಬರೆದಿಟ್ಟಿದ್ದರು. ಕೆಳಗೆ ಒಟ್ಟು ಮೊತ್ತ. ಪಕ್ಕದಲ್ಲಿ "ಮುಗಿದ ಚಿತ್ರ" ಎಂದು ಬರೆದು ಸೊನ್ನೆ ಹಾಕಿ, ಸೊನ್ನೆಯ ಸುತ್ತ ಪೆನ್ನಿನಿಂದ ಮತ್ತೆ ಮತ್ತೆ ತೀಡಿದ್ದರು. "ಓನರ್‌ಗೆ ಒಂದು ತಿಂಗಳು ಮುಂಚೆ ಹೇಳ್ಬೇಕು ಮೇಡಂ. ಈ ತಿಂಗಳು ಹೇಳ್ಬಿಡ್ತೀನಿ. ನಮ್ಮನೆಯವ್ರಿಗೆ ಹೇಗೆ ಹೇಳೋದು ಅಂತ ನೀವು ಹೇಳ್ಕೊಡಿ, ಸಾಕು."

ಏಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ. ಏಕೆ ಎಂದು ಕೇಳಿದರೆ ಜನ ತಮ್ಮನ್ನು ತಾವೇ ಬೈದುಕೊಳ್ಳುವ ಉತ್ತರ ಕೊಡುತ್ತಾರೆ: ಸೋಮಾರಿತನ, ಪ್ರತಿಭೆಯಿಲ್ಲ, ವಯಸ್ಸಾಯಿತು. ಬದಲಿಗೆ, "ಮೊನ್ನೆ ಮಂಗಳವಾರ ಕೋಣೆಗೆ ಹೋದ್ರಲ್ಲ, ಬೀಗ ತೆಗೆದಾಗಿನಿಂದ ಬೀಗ ಹಾಕೋವರೆಗೆ ಏನೇನಾಯ್ತು, ಹಾಗೇ ಹೇಳ್ತಾ ಹೋಗಿ" ಎಂದೆ.

"ಹತ್ತಕ್ಕೆ ಹೋದೆ. ಬೀಗ ತೆಗೆದೆ. ಕಿಟಕಿ ತೆಗೆದೆ. ಕಸ ಗುಡಿಸಿದೆ."

"ಆಮೇಲೆ?"

"ಕ್ಯಾನ್ವಾಸ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೆ."

"ಆಮೇಲೆ?"

ಕೈಯಲ್ಲಿದ್ದ ಕೀಲಿಗೊಂಚಲನ್ನು ಅತ್ತಿತ್ತ ತಿರುಗಿಸುತ್ತ ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. "ಮಲಗ್ತೀನಿ ಮೇಡಂ," ಎಂದರು. ಮಂಗಳವಾರ ಮಲಗಿದೆ ಎನ್ನಲಿಲ್ಲ. ಮಲಗ್ತೀನಿ ಎಂದರು. ಎಂದರೆ ದಿನಾ.

ಎಷ್ಟು ಹೊತ್ತು ಎಂದು ಕೇಳಿದೆ. ಎರಡೂವರೆ ಗಂಟೆ, ಕೆಲವೊಮ್ಮೆ ಮೂರು. ಮೊದಮೊದಲು ಕ್ಯಾನ್ವಾಸ್ ಸುತ್ತಿ ಬಂದಿದ್ದ ರಟ್ಟನ್ನು ನೆಲಕ್ಕೆ ಹಾಸಿ ಮಲಗುತ್ತಿದ್ದರಂತೆ. ಆಮೇಲೆ ಚಾಪೆ ತಂದರು. ಯಾರಾದರೂ ಬಂದರೆ ಕಾಣಬಾರದೆಂದು ಅದನ್ನು ಸುತ್ತಿ ಕ್ಯಾನ್ವಾಸಿನ ಹಿಂದೆ ನಿಲ್ಲಿಸಿಡುತ್ತಾರೆ. ಇಷ್ಟು ಹೇಳಿದ ಮೇಲೆ ಮಿಕ್ಕದ್ದೂ ಹೊರಬಂತು. "ಮನೆಗೆ ಹೋಗೋ ಮುಂಚೆ ಟ್ಯೂಬಿಂದ ಚೂರು ಬಣ್ಣ ತೆಗೆದು ಬೆರಳಿಗೆ ಮೆತ್ತಿಕೊಳ್ತೀನಿ. ಉಗುರಿನ ಸಂದಿಗೆ. ಕೈ ಹಾಗಿದ್ರೆ ಅವರು ಏನೂ ಕೇಳಲ್ಲ. 'ಇವತ್ತು ಚೆನ್ನಾಗಿ ಕೆಲಸ ಆಯ್ತಾ?' ಅಂತಾರೆ. ಹ್ಞೂಂ ಅಂತೀನಿ. ಅವರು ಖುಷಿಯಾಗಿ ಕಾಫಿ ಮಾಡ್ಕೊಡ್ತಾರೆ." ಆಗ ಅವರಿಗೆ ಅಳು ಬಂತು. ನಾಲ್ಕು ತಿಂಗಳಿಂದ ಒಳಗೊಳಗೇ ಅವರನ್ನು ತಿನ್ನುತ್ತಿದ್ದದ್ದು ಚಿತ್ರವಾಗಲಿಲ್ಲ ಎಂಬುದಲ್ಲ. ಆ ಕಾಫಿ.

ಅಳು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ತೀರ್ಮಾನವೆಲ್ಲ ಅದರ ಉತ್ತರದ ಮೇಲೆ ನಿಂತಿದೆ. "ಎದ್ದ ಮೇಲೆ ಹೇಗಿರುತ್ತೆ?"

ಅವರು ಯೋಚಿಸಲೇ ಇಲ್ಲ. "ಎದ್ದ ತಕ್ಷಣ ಏನು ಮಾಡ್ಬೇಕು ಅಂತ ಚೆನ್ನಾಗಿ ಗೊತ್ತಿರುತ್ತೆ ಮೇಡಂ. ಎಡಗಡೆ ಕೂತಿರೋ ಹೆಂಗಸಿನ ಭುಜ ಇನ್ನೂ ಇಳಿಸ್ಬೇಕು, ಅವಳು ಅಷ್ಟು ನೆಟ್ಟಗೆ ಕೂರಲ್ಲ. ಹಿಂದಿರೋ ಕೆಂಪು ಜಾಸ್ತಿಯಾಯ್ತು. ಎಲ್ಲ ಕಾಣ್ಸುತ್ತೆ. ಆದ್ರೆ ಅಷ್ಟು ಹೊತ್ತಿಗೆ ಎರಡಾಗಿರುತ್ತೆ. ಮೂರಕ್ಕೆ ಸ್ಕೂಲ್ ವ್ಯಾನ್ ಬರುತ್ತೆ."

ಕೆಲಸಕ್ಕೆ ಹೆದರಿ ತಪ್ಪಿಸಿಕೊಳ್ಳುವವರು ಹೀಗೆ ಮಾತಾಡುವುದಿಲ್ಲ. ಅಂಥವರಿಗೆ ಕ್ಯಾನ್ವಾಸ್ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಅಲ್ಲಿಂದ ಹೊರಟರೆ ಹಗುರಾಗುತ್ತದೆ. ನಿದ್ದೆ ಮಾಡಿ ಎದ್ದರೂ ಮತ್ತೆ ಅದೇ ಭಾರ. ಖಿನ್ನತೆಯಲ್ಲೂ ಅತಿಯಾದ ನಿದ್ದೆ ಇರುತ್ತದೆ, ಆದರೆ ಆ ನಿದ್ದೆಯಿಂದ ಎದ್ದವರಿಗೆ ಎಡಗಡೆಯ ಹೆಂಗಸಿನ ಭುಜದ ಚಿಂತೆ ಸಾಮಾನ್ಯವಾಗಿ ಬರುವುದಿಲ್ಲ. ಹಾಗೆಂದು ನನ್ನ ಅಂದಾಜನ್ನೇ ನಂಬಿ ಕೂರಲಿಲ್ಲ. ಖಿನ್ನತೆಯನ್ನು ಅಳೆಯಲು ನಾವು ಬಳಸುವ ಪ್ರಶ್ನಾವಳಿ ಕೊಟ್ಟೆ. ಅಂಕ ಕಡಿಮೆಯೇ ಬಂತು. ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ, ಥೈರಾಯ್ಡ್ ಕೂಡ ನೋಡಿಸಿ ಎಂದೆ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.4 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ಇದಿದೆ. ತನಗೆ ಸ್ಫೂರ್ತಿ ಬತ್ತಿಹೋಗಿದೆ ಎಂದು ಬರುವ ಹೆಂಗಸರನ್ನು ಮೊದಲು ಲ್ಯಾಬಿಗೆ ಕಳಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಶುರು ಮಾಡಿದರು.

ನಂತರ ದಿನದ ಲೆಕ್ಕ ಹಾಕಿದೆವು. ಏಳುವುದು 4.45ಕ್ಕೆ. ನೀರು, ಹಾಲು, ಮೂವರ ಡಬ್ಬಿ, ಅತ್ತೆಯ ಇನ್ಸುಲಿನ್, ಅದಾದ ಮೇಲೆ ಅವರ ತಿಂಡಿ. ಮಧ್ಯಾಹ್ನ ಮೂರರಿಂದ ಮತ್ತೆ ಮಕ್ಕಳು, ಅಡುಗೆ. ರಾತ್ರಿ ಹತ್ತರ ಮೇಲೆ ಮೇಜು ಖಾಲಿಯಾದಾಗ ಆರ್ಡರಿನ ಚಿತ್ರ, ಹನ್ನೆರಡೂವರೆಯವರೆಗೆ. ಎಂದರೆ ನಾಲ್ಕು ಗಂಟೆ ಚಿಲ್ಲರೆ ನಿದ್ದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ಕೋಣೆ ಹಿಡಿದ ಮೇಲೆ ಈ ಪಟ್ಟಿಯಿಂದ ಒಂದೇ ಒಂದು ಕೆಲಸ ಕಡಿಮೆಯಾಗಿರಲಿಲ್ಲ. ಬಾಡಿಗೆ ದುಡಿಯಬೇಕೆಂದು ಆರ್ಡರುಗಳು ಹೆಚ್ಚಾಗಿದ್ದವು, ಅಷ್ಟೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಸಂಬಳವಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆ ಎಂದು ಬಂದಿತ್ತು. ವಸುಧಾ ಮನೆಯ ಅಂತರ ಅದಕ್ಕಿಂತ ಜಾಸ್ತಿ.

ನಾನು ಕೊಟ್ಟ ಸಲಹೆ ಇದು. ಕೋಣೆ ಬಿಡಬೇಡಿ. ಕರಾರು ಮುಗಿಯುವವರೆಗೆ ಬಿಡುವ ಮಾತೇ ಬೇಡ. ಅಲ್ಲಿಗೆ ಹೋಗಿ ಮಲಗಿ. ಚಾಪೆಯನ್ನು ಅಡಗಿಸಿಡಬೇಡಿ. ಶೆಲ್ಫು, ಪರದೆ, ಟ್ರಾಲಿ ಎಂದು ಇನ್ನು ಮುಂದೆ ಆ ಕೋಣೆಗೆ ಏನನ್ನೂ ಕೊಳ್ಳಬೇಡಿ. ಚಿತ್ರ ಶುರುವಾಗದಿದ್ದಾಗ ಸಾಮಾನು ಕೊಳ್ಳುವುದು ಕೆಲಸ ಮಾಡಿದ ಹಾಗೆ ಅನಿಸುತ್ತದೆ, ಆಮೇಲೆ ಆ ಸಾಮಾನೆಲ್ಲ ಸಾಲಗಾರರಂತೆ ಎದುರು ನಿಲ್ಲುತ್ತದೆ. ಬೆರಳಿಗೆ ಬಣ್ಣ ಮೆತ್ತಿಕೊಳ್ಳುವುದನ್ನು ಇವತ್ತಿಗೇ ನಿಲ್ಲಿಸಿ. ಪತಿಗೆ ವಿಷಯ ಹೇಳಿ. ಒಬ್ಬರೇ ಹೇಳಲು ಆಗದಿದ್ದರೆ ಇಲ್ಲಿಗೆ ಕರೆದುಕೊಂಡು ಬನ್ನಿ.

ಇನ್ನೊಂದು ವಿಷಯವನ್ನು ಕಟ್ಟುನಿಟ್ಟಾಗಿ ಹೇಳಿದೆ. ಎದ್ದ ಮೇಲೆ ತಲೆನೋವು ಬರುತ್ತದೆ ಎಂದಿದ್ದರು. ಟರ್ಪೆಂಟೈನ್ ಡಬ್ಬಿಗೆ ಮುಚ್ಚಳ ಹಾಕುತ್ತೀರಾ ಎಂದರೆ, ಬ್ರಷ್ ನೆನೆಸಿಟ್ಟಿರುವುದರಿಂದ ತೆರೆದೇ ಇರುತ್ತದೆ ಎಂದರು. ಬಾಗಿಲು ಹಾಕಿದ ಕೋಣೆಯಲ್ಲಿ ಅದರ ಆವಿಯನ್ನು ಮೂರು ಗಂಟೆ ಉಸಿರಾಡಿದರೆ ತಲೆ ನೋಯದೆ ಇರುತ್ತದೆಯೇ? ಮಲಗುವ ಕೋಣೆಯಲ್ಲಿ ಅದು ತೆರೆದಿರಬಾರದು. ಎರಡು ಕಡೆಯ ಕಿಟಕಿಯೂ ತೆಗೆದಿರಬೇಕು. ಲಿನ್ಸೀಡ್ (ಅಗಸೆ) ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಂಡ ಉದಾಹರಣೆಗಳಿವೆ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು. ಕೆಳಗೆ ಟೈಲರ್ ಅಂಗಡಿ ಬೇರೆ, ತುಂಬ ಬಟ್ಟೆ. ಇದೆಲ್ಲ ಆಪ್ತಸಲಹೆಗಾರರು ಹೇಳುವ ಮಾತೇ ಎಂದು ಕೆಲವರಿಗೆ ಅನಿಸಬಹುದು. ಒಬ್ಬರಿಗೆ ಒಂದು ಕೋಣೆಯಲ್ಲಿ ಮಲಗಿ ಎಂದು ಹೇಳಿದ ಮೇಲೆ ಆ ಕೋಣೆಯ ಗಾಳಿಯ ಜವಾಬ್ದಾರಿಯೂ ನನ್ನದೇ ಆಗುತ್ತದೆ.

ಪತಿ ಬಂದರು. ವಸುಧಾ ಅವರೇ ಹೇಳಿದರು, ನಾನು ಪಕ್ಕದಲ್ಲಿದ್ದೆ. ಬಣ್ಣ ಮೆತ್ತಿಕೊಳ್ಳುತ್ತಿದ್ದ ವಿಷಯ ಕೇಳಿ ಅವರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕೇಳಿದರು: "ತಪ್ಪು ತಿಳ್ಕೋಬೇಡಿ ಮೇಡಂ. ಮಲಗೋಕೆ ತಿಂಗಳಿಗೆ ಆರು ಸಾವಿರ ಬಾಡಿಗೆ ಕಟ್ಬೇಕಾ? ಮನೇಲಿ ಮಂಚ ಇಲ್ವಾ?"

ಈ ಪ್ರಶ್ನೆಯಲ್ಲಿ ಜಿಪುಣತನವಿಲ್ಲ. ಸಂಬಳದಲ್ಲಿ ಬದುಕುವ ಯಾರೇ ಆದರೂ ಕೇಳಬೇಕಾದ ಪ್ರಶ್ನೆ. ನಾನು ಅವರಿಗೆ ಹೇಳಿದ್ದು: "ನಿಮ್ಮ ಮನೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಇವರು ಬಾಗಿಲು ಹಾಕ್ಕೊಂಡು ಎರಡು ಗಂಟೆ ಮಲಗಬಹುದಾದ ಜಾಗ ಯಾವುದು, ಹೇಳಿ."

"ನಮ್ಮ ರೂಮಿದೆಯಲ್ಲ."

"ಆ ರೂಮಿಗೆ ಆ ಹೊತ್ತಲ್ಲಿ ಬೇರೆ ಯಾರೂ ಬರಲ್ವಾ?"

ಅವರು ಪ್ರಾಮಾಣಿಕರು. ತಾವೇ ಒಂದೊಂದಾಗಿ ಹೇಳತೊಡಗಿದರು. ಬೀರು ಅಲ್ಲೇ ಇದೆ, ಅಮ್ಮನ ಮಾತ್ರೆ ಡಬ್ಬಿ ಅಲ್ಲೇ, ಇಸ್ತ್ರಿ ಮಾಡುವುದು ಅಲ್ಲೇ, ವೈಫೈ ಪೆಟ್ಟಿಗೆ ಅಲ್ಲೇ, ಒಗೆದ ಬಟ್ಟೆ ತಂದು ಹಾಕುವುದು ಅದೇ ಮಂಚದ ಮೇಲೆ. ಕೆಲಸದವಳು ನೆಲ ಒರೆಸಲು ಬರುವುದೂ ಆ ಹೊತ್ತಿಗೇ. ಅಷ್ಟು ಹೇಳಿ ಸುಮ್ಮನಾದರು. ಮನೆಯಲ್ಲಿ ಅವರಿಗೆ ಮಂಚವಿತ್ತು, ಹೌದು. ಮಲಗಿದವರನ್ನು ಯಾರೂ ಏಳಿಸದಿರುವ ಜಾಗ ಆ ಮನೆಯಲ್ಲಿ ಅವರಿಗೆ ಸಿಕ್ಕಿರಲೇ ಇಲ್ಲ. ಅದು ಟೈಲರ್ ಅಂಗಡಿಯ ಮೇಲೆ ಸಿಕ್ಕಿತು. ದೇಹ ಮೊದಲು ತನಗೆ ಬರಬೇಕಾದ ಬಾಕಿಯನ್ನು ವಸೂಲು ಮಾಡಿಕೊಂಡಿತು. ಅದು ತೀರುವ ಮೊದಲು ಚಿತ್ರ ಬಾ ಎಂದರೆ ಎಲ್ಲಿಂದ ಬಂದೀತು?

ಆದರೆ ಬಾಡಿಗೆ ಕೋಣೆಯ ನಿದ್ದೆಯಿಂದ ಮನೆಯ ನಿದ್ದೆಗೇಡನ್ನು ಎಷ್ಟು ದಿನ ತುಂಬಿಸುವುದು? ಅದನ್ನು ಪತಿಗೆ ಬಿಡಿಸಿ ಹೇಳಿದೆ. ಹೊರಗೆ ಕೋಣೆ ಹಿಡಿದು ಒಳಗಿನ ಕೆಲಸ ಹಾಗೇ ಉಳಿದರೆ, ಆ ಕೋಣೆ ಕಲಾವಿದೆಗೆ ಮೂರನೆಯ ಉದ್ಯೋಗವಾಗುತ್ತದೆ. ಈ ಮಾತು ಬಾಡಿಗೆಗೆ ಹಿಡಿದ ಪ್ರತಿಯೊಂದು ಸ್ಟುಡಿಯೊಗೂ ಅನ್ವಯಿಸುತ್ತದೆ ಎಂದು ನಾನು ನಂಬಿದ್ದೇನೆ. ಬಾಡಿಗೆ ಕಟ್ಟುವುದಷ್ಟೇ ಬೆಂಬಲವಲ್ಲ. ಬೆಳಗಿನ ಡಬ್ಬಿ, ಇನ್ಸುಲಿನ್, ವ್ಯಾನು, ಇವುಗಳಲ್ಲಿ ಯಾವುದನ್ನು ನೀವು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ವಾರದಲ್ಲಿ ಮೂರು ದಿನ ಬೆಳಗಿನ ಅಡುಗೆ ತನ್ನದು ಎಂದರು. ಅಮ್ಮನಿಗೆ ಇನ್ಸುಲಿನ್ ಚುಚ್ಚಲು ತನಗೆ ಧೈರ್ಯವಿಲ್ಲ ಎಂದರು. ಒಂಬತ್ತನೇ ತರಗತಿಯ ಹುಡುಗಿ ಅದನ್ನು ಒಂದೇ ದಿನದಲ್ಲಿ ಕಲಿತಳು. ಅಪ್ಪನೂ ಅವಳಿಂದ ಕಲಿಯಲಿ ಎಂದು ಹಟ ಮಾಡಿದೆ. ತಾಯಿಯ ಹೊರೆಯನ್ನು ಮಗಳ ತಲೆಗೆ ದಾಟಿಸುವುದು ಪರಿಹಾರವಲ್ಲ.

ರಾತ್ರಿಯ ಆರ್ಡರ್ ಕೆಲಸವನ್ನೂ ಅಲ್ಲೇ ತೀರ್ಮಾನಿಸಿದೆವು. ಹತ್ತರ ನಂತರ ಮೇಜಿನ ಮೇಲೆ ಚಿತ್ರ ಇಲ್ಲ. ಚಿನ್ನದ ರೇಕಿನ ಕೆಲಸಕ್ಕೆ ಗಾಳಿಯಾಡದ, ಯಾರೂ ಓಡಾಡದ ಜಾಗ ಬೇಕಲ್ಲವೇ? ಅದು ಈಗ ಇದೆ. ಸೋಮವಾರ, ಗುರುವಾರ ಆರ್ಡರಿಗೆ. ಉಳಿದ ಮೂರು ದಿನ ಆರ್ಡರಿನ ಚಿತ್ರ ಕೋಣೆಯ ಬಾಗಿಲು ದಾಟಬಾರದು. ಆರ್ಡರುಗಳನ್ನು ಬಿಟ್ಟೇ ಬಿಡುತ್ತೇನೆ, ನಿಜವಾದ ಕಲಾವಿದರು ಆರ್ಡರಿಗೆ ಚಿತ್ರ ಮಾಡುವುದಿಲ್ಲ ಎಂದು ವಸುಧಾ ಹೇಳಿದಾಗ ನಾನು ಒಪ್ಪಲಿಲ್ಲ. 1966ರಲ್ಲಿ ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಚೆನ್ನೈ ಹತ್ತಿರ ಸಮುದ್ರದ ದಂಡೆಯಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಕಟ್ಟಿದ ಬಗೆ ವಸುಧಾ ಅವರಿಗೆ ಕಾಲೇಜಿನಿಂದಲೇ ಗೊತ್ತಿತ್ತು. ಆ ಕಲಾವಿದರು ಮೇಣ ಬಳಸಿ ಬಣ್ಣ ಹಾಕುವ ಬಾಟಿಕ್ ಬಟ್ಟೆ ಮಾಡಿ ಮಾರಿ, ಆ ದುಡ್ಡಿನಿಂದ ಜಮೀನು ಕೊಂಡು, ಮನೆ ಕಾರ್ಯಾಗಾರ ಕಟ್ಟಿಕೊಂಡರು. ಮಾರುವ ಕೈಕೆಲಸ ಒಂದು ಕಡೆ, ತಮ್ಮ ಚಿತ್ರ ಇನ್ನೊಂದು ಕಡೆ. ಅದನ್ನು ನೆನಪಿಸಿದೆ. ಗಜಲಕ್ಷ್ಮಿಯೇ ನಿಮ್ಮ ಬಸ್ ನಿಲ್ದಾಣದ ಹೆಂಗಸರಿಗೆ ಬಾಡಿಗೆ ಕಟ್ಟಿದರೆ ಅದರಲ್ಲಿ ಅವಮಾನವೇನಿದೆ ಎಂದೆ.

ದೆಹಲಿಯ ಗಢಿಯಲ್ಲಿ ಲಲಿತ ಕಲಾ ಅಕಾಡೆಮಿ 1976ರಿಂದ ಕಲಾವಿದರಿಗೆ ಸ್ಟುಡಿಯೊಗಳನ್ನು ನಡೆಸುತ್ತಿದೆ. ಜಿಲ್ಲೆಗೊಂದು ಅಂಥದ್ದು ಇದ್ದಿದ್ದರೆ ಇಂಥ ಎಷ್ಟೋ ಪ್ರಕರಣಗಳು ನನ್ನ ಬಳಿ ಬರುತ್ತಲೇ ಇರಲಿಲ್ಲ. ರಂಗಮಂದಿರ ಕಟ್ಟುತ್ತೇವೆ, ಪ್ರದರ್ಶನಕ್ಕೆ ಗ್ಯಾಲರಿ ಕಟ್ಟುತ್ತೇವೆ. ಪ್ರದರ್ಶನಕ್ಕೆ ಇಡುವ ವಸ್ತು ಎಲ್ಲಿ ತಯಾರಾಗಬೇಕು ಎಂಬ ಯೋಚನೆ ನಮ್ಮಲ್ಲಿ ಕಡಿಮೆ.

ಇನ್ನು ನನ್ನ ಸಹೋದ್ಯೋಗಿಯ ಆಕ್ಷೇಪ. ಅವರ ಮಾತು: "ಮಲಗಿ ಅಂತ ಅನುಮತಿ ಕೊಟ್ರೆ ಅದೇ ರೂಢಿ ಆಗುತ್ತೆ. ದಿನಾ ಹದಿನೈದು ನಿಮಿಷವಾದ್ರೂ ಬ್ರಷ್ ಹಿಡೀಲೇಬೇಕು ಅಂತ ಹೇಳ್ಬೇಕಿತ್ತು. ಸಣ್ಣದಾಗಿ ಶುರು ಮಾಡಿದ್ರೆ ಮನಸ್ಸು ತಾನಾಗಿ ಬರುತ್ತೆ." ಖಿನ್ನತೆಯಲ್ಲಿ ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ನಾನೇ ಎಷ್ಟೋ ಜನರಿಗೆ ಇದನ್ನು ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ನಾಲ್ಕು ಗಂಟೆ ನಿದ್ದೆಯ, 9.4 ಹಿಮೋಗ್ಲೋಬಿನ್ನಿನ ಹೆಂಗಸಿಗೆ ಇನ್ನೊಂದು ಕಡ್ಡಾಯದ ಕೆಲಸ ಸೇರಿಸುವುದು ಚಿಕಿತ್ಸೆಯಲ್ಲ. ಅವರ ಬದುಕಿನಲ್ಲಿ ಕಡ್ಡಾಯಗಳಿಗೆ ಕೊರತೆಯಿರಲಿಲ್ಲ. ಬಿಡುವಿದ್ದೂ ಮಾಡಲಾಗದವರು ಬೇರೆ, ದಣಿದು ಮಾಡಲಾಗದವರು ಬೇರೆ. ಇಬ್ಬರಿಗೂ ಒಂದೇ ಔಷಧಿ ಕೊಡಬಾರದು. ನಮ್ಮ ವೃತ್ತಿಯಲ್ಲಿ ಎರಡನೆಯವರನ್ನು ಮೊದಲನೆಯವರೆಂದು ಓದುವ ಅಭ್ಯಾಸ ಹೆಚ್ಚುತ್ತಿದೆ ಎಂಬುದು ನನ್ನ ಆತಂಕ, ಅದರಲ್ಲೂ ಎದುರಿಗಿರುವವರು ಗೃಹಿಣಿಯಾದರೆ.

ಓದುವವರಿಗೆ ಒಂದು ಎಚ್ಚರಿಕೆ ಕೊಡಬೇಕು. ನಿದ್ದೆ ಮಾಡಿ ಎದ್ದರೂ ದಣಿವು ಹೋಗದಿದ್ದರೆ, ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ, ಈ ಸಲಹೆ ನಿಮಗಲ್ಲ. ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಏನಾಯಿತು ಎಂದು ಹೇಳದಿದ್ದರೆ ತಪ್ಪಾಗುತ್ತದೆ, ಆದರೆ ಅದನ್ನು ನನ್ನ ಸಲಹೆಗೆ ಸಾಕ್ಷಿಯೆಂದು ಓದಬೇಡಿ. ಮೊದಲ ವಾರಗಳಲ್ಲಿ ವಸುಧಾ ಇನ್ನೂ ಹೆಚ್ಚು ಮಲಗಿದರು. ಒಮ್ಮೆ ಅತ್ತೆ "ಅಷ್ಟು ಹೊತ್ತು ಅಲ್ಲೇನು ಮಾಡ್ತೀಯಮ್ಮ?" ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಅತ್ತೆ ಬೈಯಲಿಲ್ಲ. ತನ್ನ ಕಾಲದಲ್ಲಿ ದೇವರಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಯಾರೂ ಕರೆಯುತ್ತಿರಲಿಲ್ಲ, ಎಷ್ಟೋ ಸಲ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದ್ದೆ ಎಂದರಂತೆ. ರಾತ್ರಿಯ ನಿದ್ದೆ ಆರು ಗಂಟೆ ದಾಟಿದ ಮೇಲೆ ಹಗಲಿನದು ತಾನಾಗಿ ಕುಗ್ಗಿತು, ಮುಕ್ಕಾಲು ಗಂಟೆಗೆ ಬಂದು ನಿಂತಿತು. ಎಡಗಡೆಯ ಹೆಂಗಸಿನ ಭುಜ ಇಳಿಯಿತು. ಮೊದಲ ಕ್ಯಾನ್ವಾಸ್ ಮುಗಿದಿದೆ; ಎರಡನೆಯದು ಅರ್ಧದಲ್ಲಿದೆ.

ಎಲ್ಲವೂ ಸರಿಹೋಗಿಲ್ಲ. ಮಾರ್ಚ್ ಕೊನೆಯ ಲೆಕ್ಕಪತ್ರದ ಗಡಿಬಿಡಿಯಲ್ಲಿ ಪತಿಯ ಬೆಳಗಿನ ಅಡುಗೆ ನಿಂತುಹೋಯಿತು, ಏಪ್ರಿಲ್‌ನಲ್ಲಿ ತಾನಾಗಿ ಮತ್ತೆ ಶುರುವಾಗಲಿಲ್ಲ. ಮತ್ತೆ ಇಲ್ಲಿಗೆ ಬಂದು, ಮಾತಾಡಿ, ಎರಡು ದಿನಕ್ಕೆ ಒಪ್ಪಂದವಾಯಿತು. ಇನ್ಸುಲಿನ್ ಚುಚ್ಚುವುದನ್ನು ಅವರು ಕಲಿತಿದ್ದಾರೆ. ಕರಾರು ಮುಗಿದಾಗ ಓನರ್ ಬಾಡಿಗೆಗೆ 500 ಏರಿಸಿದರು. ಇನ್ನೂ ಹನ್ನೊಂದು ತಿಂಗಳಿಗೆ ಬರೆಸಿಕೊಂಡಿದ್ದಾರೆ. ಈಗ ಮಗಳು ಹತ್ತನೇ ತರಗತಿ. ಪರೀಕ್ಷೆಯ ವರ್ಷ ಮನೆಯಲ್ಲೇ ಇರಬೇಕೋ ಏನೋ, ಕೋಣೆ ಒಂದು ವರ್ಷಕ್ಕೆ ಬಿಟ್ಟುಬಿಡಲೇ ಎಂದು ಕಳೆದ ತಿಂಗಳು ವಸುಧಾ ಕೇಳಿದರು. ಬಿಡಬೇಡಿ ಎಂದೆ. ಬೇಕಾದರೆ ಮಗಳೂ ಪುಸ್ತಕ ಹಿಡಿದುಕೊಂಡು ಶನಿವಾರ ಅಲ್ಲಿಗೆ ಬಂದು ಓದಲಿ ಎಂದೆ. ವಸುಧಾ ಅದಕ್ಕೆ ಒಪ್ಪಲಿಲ್ಲ. ಅಲ್ಲಿಗೆ ಮನೆಯವರು ಯಾರೂ ಬರುವುದು ಬೇಡ ಎಂದರು. ಅಷ್ಟು ಸ್ಪಷ್ಟವಾಗಿ ಅವರು ಬೇಡ ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೋಣೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ.